ಹೇಳಿದರೆ ಮಾಡುತ್ತಾರೆ, ಆದರೆ ಹೇಳಬೇಕು

ಪ್ರಶ್ನೆ: ನಾನು ಸುಳ್ಯದ ಕಡೆಯವಳು. ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿಗೆ ಬಂದು ಹನ್ನೊಂದು ವರ್ಷವಾಯಿತು. ವಯಸ್ಸು 36. ಮಂಗಳೂರಿನ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಬೆಳಗ್ಗೆ ಆರೂಮುಕ್ಕಾಲಕ್ಕೆ ಮನೆ ಬಿಟ್ಟು ಬಸ್ಸಿನಲ್ಲಿ ಕುಂಬಳೆಗೆ, ಅಲ್ಲಿಂದ ರೈಲಿನಲ್ಲಿ ಮಂಗಳೂರಿಗೆ ಹೋದರೆ, ಮರಳಿ ಮನೆ ಸೇರುವಾಗ ರಾತ್ರಿ ಏಳೂವರೆ. ಯಜಮಾನರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಕೆಟ್ಟವರಲ್ಲ, ಹೇಳಿದರೆ ಮಾಡುತ್ತಾರೆ, ಆದರೆ ಹೇಳಬೇಕು. ಒಂಬತ್ತು ವರ್ಷದ ಮಗಳು ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿದ್ದಾಳೆ, ಬರುವ ಜೂನ್‌ನಲ್ಲಿ ಐದನೆಯ ತರಗತಿ. ನಾಲ್ಕು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾನೆ. ಹಗಲಿಗೆ ಇಬ್ಬರನ್ನೂ ನೋಡಿಕೊಳ್ಳುವವರು 68 ವರ್ಷದ ಅತ್ತೆ. ರೈಲಿನಲ್ಲಿ ಕೂತರೂ ತಲೆಯೊಳಗೆ ಮನೆಯೇ ಓಡುತ್ತಿರುತ್ತದೆ: ಅತ್ತೆಯ ರಕ್ತದೊತ್ತಡದ ಮಾತ್ರೆ ಮುಗಿಯಿತೇ, ಗ್ಯಾಸ್ ಬುಕ್ ಮಾಡಿದೆನೇ, ಮಗನಿಗೆ ಮಳೆಕೋಟು ತರಬೇಕಲ್ಲವೇ, ಶಾಲೆಯ ಸುತ್ತೋಲೆಯಲ್ಲಿ ಏನಿತ್ತು. ಮೊನ್ನೆ ಮಗಳು, "ಅಮ್ಮಾ, ನೀನು ಬಂದ ಕೂಡಲೇ ಪೋಲೀಸರ ಹಾಗೆ ಕೇಳುವುದು ಯಾಕೆ?" ಎಂದಳು. ಅತ್ತೆ ಒಮ್ಮೊಮ್ಮೆ, "ಮಕ್ಕಳಿಗೆ ಈಗ ಅಜ್ಜಿಯೇ ಅಮ್ಮ" ಎನ್ನುತ್ತಾರೆ; ಅದು ತಮಾಷೆಯೋ ಬೇಸರವೋ ತಿಳಿಯುವುದಿಲ್ಲ. ಸಂಜೆ ಬಂದವಳೇ ಜಗಲಿಯಲ್ಲಿ ಹತ್ತು ನಿಮಿಷ ಕೂತು ಒಂದು ಲೋಟ ಚಹಾ ಕುಡಿಯಬೇಕೆಂಬುದು ನನ್ನ ದೊಡ್ಡ ಆಸೆ. ಕೂತರೆ ಯಾರೂ ಏನೂ ಅನ್ನುವುದಿಲ್ಲ, ಆದರೂ ತಪ್ಪು ಮಾಡಿದಂತೆ ಅನಿಸಿ ಅರ್ಧಕ್ಕೇ ಎದ್ದುಬಿಡುತ್ತೇನೆ. ಕೆಲಸಕ್ಕೂ ಮನೆಗೂ ಸಮತೋಲನ ತರುವುದು ಹೇಗೆ? ಯಜಮಾನರೊಡನೆ ಜಗಳವಾಗದಂತೆ ಇದನ್ನು ಮಾತಾಡುವುದು ಹೇಗೆ? ಹತ್ತು ನಿಮಿಷದ ಈ ಆಸೆ ಸ್ವಾರ್ಥವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮೂರು ಪ್ರಶ್ನೆಗಳು ಕಂಡವು. ಎರಡನೆಯ ಸಲ ಓದಿದಾಗ ಮೂರರ ಬೇರೂ ಒಂದೇ ಕಡೆ ಇದೆಯೆಂದು ತೋರಿತು. ಸಮತೋಲನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತಕ್ಕಡಿ. ಒಂದು ತಟ್ಟೆಯಲ್ಲಿ ಕಚೇರಿ, ಇನ್ನೊಂದರಲ್ಲಿ ಮನೆ, ಎರಡಕ್ಕೂ ಸಮನಾಗಿ ಗಂಟೆಗಳನ್ನು ಸುರಿಯಬೇಕು ಎಂದು ನಾವು ಲೆಕ್ಕ ಹಾಕಲು ತೊಡಗುತ್ತೇವೆ. ನಿಮ್ಮ ವಿಷಯದಲ್ಲಿ ಆ ಲೆಕ್ಕ ಹಾಕುವುದರಿಂದ ಪ್ರಯೋಜನವಿಲ್ಲ. ದಿನಕ್ಕೆ ಹನ್ನೆರಡೂಮುಕ್ಕಾಲು ಗಂಟೆ ಮನೆಯಿಂದ ಹೊರಗಿರುವವರಿಗೆ, ಉದ್ಯೋಗ ಬದಲಾಗುವವರೆಗೆ ಅಥವಾ ಮನೆಯೇ ಮಂಗಳೂರಿಗೆ ಸ್ಥಳಾಂತರವಾಗುವವರೆಗೆ, ಆ ತಟ್ಟೆಗಳು ಸಮವಾಗುವುದಿಲ್ಲ. ಆದ್ದರಿಂದ ಗಂಟೆಗಳನ್ನು ಸದ್ಯಕ್ಕೆ ಬದಿಗಿಟ್ಟು, ನೀವು ಪ್ರಾಸಂಗಿಕವಾಗಿ ಬರೆದುಬಿಟ್ಟ ಎರಡು ವಾಕ್ಯಗಳನ್ನು ಹಿಡಿದುಕೊಳ್ಳುತ್ತೇನೆ. ಒಂದು, ರೈಲಿನಲ್ಲಿ ಕೂತರೂ ತಲೆಯೊಳಗೆ ಮನೆ ಓಡುತ್ತಿರುತ್ತದೆ ಎಂಬುದು. ಇನ್ನೊಂದು, ಹೇಳಿದರೆ ಮಾಡುತ್ತಾರೆ, ಆದರೆ ಹೇಳಬೇಕು ಎಂಬುದು.

ನಿಮ್ಮನ್ನು ಬಳಲಿಸುತ್ತಿರುವುದು ಕೆಲಸಕ್ಕಿಂತ ಹೆಚ್ಚಾಗಿ, ಆ ಕೆಲಸಗಳನ್ನೆಲ್ಲ ನೆನಪಿಟ್ಟುಕೊಳ್ಳಬೇಕಾದ ಹೊಣೆ ಎಂದು ನನಗನಿಸುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ ಅವರು 35 ದಂಪತಿಗಳನ್ನು ಮಾತಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ಬೌದ್ಧಿಕ ದುಡಿಮೆಯನ್ನು ನಾಲ್ಕು ಹಂತಗಳಾಗಿ ಬಿಡಿಸಿ ತೋರಿಸಿದ್ದಾರೆ: ಮುಂದೆ ಏನು ಬೇಕಾದೀತು ಎಂದು ಮೊದಲೇ ಊಹಿಸುವುದು, ಅದಕ್ಕೆ ಏನೇನು ದಾರಿಗಳಿವೆ ಎಂದು ಹುಡುಕುವುದು, ಅವುಗಳಲ್ಲಿ ಒಂದನ್ನು ತೀರ್ಮಾನಿಸುವುದು, ತೀರ್ಮಾನಿಸಿದ್ದು ನಡೆಯಿತೇ ಎಂದು ಕಾಯುತ್ತಿರುವುದು. ತೀರ್ಮಾನದ ಹಂತದಲ್ಲಿ ಗಂಡಂದಿರೂ ಕೂಡಿಕೊಳ್ಳುತ್ತಿದ್ದರು. ಮೊದಲು ಊಹಿಸುವ ಮತ್ತು ಕೊನೆಗೆ ಕಾಯುವ ಕೆಲಸ ಮಾತ್ರ ಹೆಚ್ಚಾಗಿ ಹೆಂಡತಿಯರ ಪಾಲಿಗೆ ಬಂದಿತ್ತು. ಈ ಎರಡು ಹಂತಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಭಾರತ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಗಂಡಸರು ಕೊಡುವುದು 97 ನಿಮಿಷ. ಆದರೆ ಇದು ಕೈಗಳ ಲೆಕ್ಕ. ಶಿರಿಯಾ ಸೇತುವೆ ದಾಟುವಾಗ ನಿಮಗೆ ಮಾತ್ರೆಯ ಚೀಟಿ ನೆನಪಾದದ್ದು ಯಾವ ಸಮೀಕ್ಷೆಯಲ್ಲೂ ದಾಖಲಾಗುವುದಿಲ್ಲ, ಏಕೆಂದರೆ ಆ ಹೊತ್ತಿಗೆ ನೀವು "ಪ್ರಯಾಣ"ದಲ್ಲಿದ್ದೀರಿ.

ಗಂಡಸರಿಗೆ ಇಂಥ ಸಣ್ಣಪುಟ್ಟದ್ದು ನೆನಪಿರುವುದಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ, ಮತ್ತು ಅಡಿಕೆ ಬೆಳೆಯುವ ಊರಿನಲ್ಲಿ ಕುಳಿತು ಯಾರೂ ಒಪ್ಪಬೇಕಾಗಿಲ್ಲ. ನಿಮ್ಮ ಯಜಮಾನರು ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಮದ್ದು ಬಿಡಿಸುವುದನ್ನು ಒಮ್ಮೆ ನೆನಪಿಸಿಕೊಳ್ಳಿ. ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಮುಗಿಯಬೇಕು, 40ರಿಂದ 45 ದಿನಗಳಲ್ಲಿ ಎರಡನೆಯ ಸುತ್ತು ಆಗಬೇಕು, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ ಬೀಳಬೇಕು, ಮದ್ದು ಬಿಡುವವರು ಸಿಗುವುದು ಕಷ್ಟವಾದ್ದರಿಂದ ಮೇ ತಿಂಗಳಲ್ಲಿಯೇ ಅವರಿಗೆ ಹೇಳಿಡಬೇಕು, ನಡುವೆ ಎರಡು ದಿನ ಬಿಸಿಲು ಸಿಕ್ಕಿದರೆ ಬಿಡಬಾರದು. ಊಹೆ, ಹುಡುಕಾಟ, ತೀರ್ಮಾನ, ಕಾಯುವಿಕೆ, ನಾಲ್ಕು ಹಂತಗಳೂ ಇಲ್ಲಿವೆ, ನಾಲ್ಕೂ ಅವರ ತಲೆಯಲ್ಲಿಯೇ ಇವೆ. "ಮದ್ದು ಬಿಡಿಸಿದಿರಾ?" ಎಂದು ನೀವು ಅವರನ್ನು ಕೇಳಬೇಕಾಗಿ ಬಂದದ್ದುಂಟೇ? ತೋಟ ತನ್ನದು ಎಂಬ ಭಾವವಿರುವುದರಿಂದ ಅದರ ನೆನಪೂ ತಾನಾಗಿ ಉಳಿಯುತ್ತದೆ. ಮಗಳ ಶಾಲೆ, ತಾಯಿಯ ಮಾತ್ರೆ, ಮಗನ ಮಳೆಕೋಟು ಇವು ಮಾತ್ರ "ಅವಳು ಹೇಳಿದರೆ ಮಾಡುವ" ಕೆಲಸಗಳಾಗಿ ಉಳಿದುಬಿಟ್ಟಿವೆ. ಅವರಲ್ಲಿ ಶಕ್ತಿಯ ಕೊರತೆಯಿಲ್ಲ. ಅಧಿಕಾರ ಅವರ ಕೈಗೆ ಹೋಗಿಲ್ಲ. ಮನಸ್ಸಿಗೆ ತುಸು ಇರಿಸುಮುರಿಸಾದರೂ ಹೇಳಿಬಿಡುತ್ತೇನೆ, ಅದನ್ನು ಬಿಟ್ಟುಕೊಡದವರಲ್ಲಿ ನೀವೂ ಒಬ್ಬರಿರಬಹುದು.

ನಮ್ಮ ಗಡಿನಾಡಿನ ಬದುಕು ಈ ಹೊರೆಗೆ ಇನ್ನೊಂದು ಕಟ್ಟನ್ನು ಸೇರಿಸುತ್ತದೆ. ಅದು ಬೆಂಗಳೂರಿನಲ್ಲಿ ಕುಳಿತು ಸಲಹೆ ಬರೆಯುವವರಿಗೆ ಹೊಳೆಯುವುದಿಲ್ಲ. ನಿಮ್ಮ ಕಚೇರಿಯ ರಜೆಗಳು ಕರ್ನಾಟಕದವು, ಮಕ್ಕಳ ರಜೆಗಳು ಕೇರಳದವು. ಓಣಂಗೆ ಶಾಲೆ ಮುಚ್ಚಿದಾಗ ನಿಮಗೆ ಕೆಲಸವಿರುತ್ತದೆ. ನವೆಂಬರ್ 1ರಂದು ನಿಮಗೆ ರಾಜ್ಯೋತ್ಸವದ ರಜೆಯಿದ್ದರೆ ಮಗಳು ಚೀಲ ಬೆನ್ನಿಗೇರಿಸಿ ಶಾಲೆಗೆ ಹೊರಟಿರುತ್ತಾಳೆ. ಜುಲೈ ತಿಂಗಳ ಮಳೆಗೆ ಕಾಸರಗೋಡಿನ ಜಿಲ್ಲಾಧಿಕಾರಿಗಳು ರಜೆ ಸಾರಿದರೂ ದಕ್ಷಿಣ ಕನ್ನಡದಲ್ಲಿ ಸಾರಿರಬೇಕೆಂದಿಲ್ಲ, ಅದೂ ಗೊತ್ತಾಗುವುದು ಹಿಂದಿನ ರಾತ್ರಿ. ಹೀಗೆ ಎರಡು ರಾಜ್ಯಗಳ ಪಂಚಾಂಗವನ್ನು ಒಂದು ತಲೆಯಲ್ಲಿ ಇಟ್ಟುಕೊಂಡು ನೀವು ರೈಲು ಹತ್ತುತ್ತಿದ್ದೀರಿ. ಜತೆಗೆ ಲಿಪಿಯ ತೊಡಕು. ನೀವು ಸುಳ್ಯದಲ್ಲಿ ಕಲಿತವರು, ಬಹುಶಃ ಮಲಯಾಳ ಮಾತಾಡಲು ಅಷ್ಟಿಷ್ಟು ಬಂದೀತು, ಓದಲು ಬಾರದು. ಕಾಸರಗೋಡಿನಲ್ಲಿಯೇ ಶಾಲೆ ಕಲಿತ ನಿಮ್ಮ ಯಜಮಾನರಿಗೆ ಅದು ಓದಲು ಬರುವ ಸಾಧ್ಯತೆ ಹೆಚ್ಚು. ಆದರೂ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿರುವುದು ನಿಮ್ಮ ಸಂಖ್ಯೆಯೆಂದು ಊಹಿಸುತ್ತೇನೆ. ಹೆಚ್ಚಿನ ಮನೆಗಳಲ್ಲಿ ತಾಯಿಯ ಸಂಖ್ಯೆಯನ್ನೇ ಕೊಟ್ಟಿರುತ್ತಾರೆ. ಮಲಯಾಳದಲ್ಲಿ ಒಂದು ಸೂಚನೆ ಬಂದರೆ ನೀವು ಅದನ್ನು ಅವರಿಗೆ ಕಳುಹಿಸಿ, ಅವರಿಂದ ಅರ್ಥ ಕೇಳಿ, ಬಳಿಕ ಅವರಿಗೇ ಆ ಕೆಲಸವನ್ನು ನೆನಪಿಸುತ್ತೀರಿ. ಓದಬಲ್ಲವರು ಇರುವಾಗ ಓದಲಾರದವರ ಕೈಯಲ್ಲಿ ಪತ್ರ ಕೊಟ್ಟಂತಾಯಿತು ಇದು.

ಹಾಗಾಗಿ ನನ್ನ ಮೊದಲ ಸಲಹೆ ಬಹಳ ಸಣ್ಣದು. ಜೂನ್ 1ರಂದು ಶಾಲೆ ತೆರೆಯುವ ಮೊದಲು ಆ ಗುಂಪಿನಲ್ಲಿ ನಿಮ್ಮ ಸಂಖ್ಯೆಯ ಬದಲು ಯಜಮಾನರ ಸಂಖ್ಯೆ ಸೇರಲಿ. "ಅವರದ್ದೂ ಸೇರಲಿ" ಎನ್ನುತ್ತಿಲ್ಲ, ಬದಲು ಸೇರಲಿ ಎನ್ನುತ್ತಿದ್ದೇನೆ. ಇಬ್ಬರೂ ಇದ್ದರೆ ಮೊದಲು ಓದುವವರು ನೀವೇ ಆಗಿರುತ್ತೀರಿ, ನೆನಪಿಸುವವರೂ ನೀವೇ. ಶಾಲೆಗೆ ಸಂಬಂಧಿಸಿದ್ದೆಲ್ಲ, ಪುಸ್ತಕ, ಸಮವಸ್ತ್ರ, ಪೋಷಕರ ಸಭೆ, ಮಳೆಯ ರಜೆ ಸಹಿತ, ಇಡಿಯಾಗಿ ಅವರದ್ದಾಗಲಿ. ಕೆಲಸವನ್ನು ತುಂಡು ಮಾಡಿ ಕೊಟ್ಟರೆ ಕೈಗೆಲಸ ಮಾತ್ರ ಆಚೆ ಹೋಗಿ ನೆನಪು ನಿಮ್ಮಲ್ಲಿಯೇ ಉಳಿಯುತ್ತದೆ. ಅತ್ತೆಯ ಔಷಧವನ್ನೂ ಹೀಗೆಯೇ ಕೊಡಬಹುದು; ಅವರ ತಾಯಿಯಲ್ಲವೇ? ಅಡುಗೆಮನೆಯ ಸಾಮಾನು, ಗ್ಯಾಸ್, ಮಗನ ಬಟ್ಟೆಬರೆ ನಿಮ್ಮಲ್ಲಿರಲಿ, ಸದ್ಯಕ್ಕೆ ಅಷ್ಟು ಸಾಕು.

ಕೊಟ್ಟ ಮೇಲೆ ಬರುವ ಎರಡು ವಾರ ನಿಮಗೆ ಕಠಿಣವಾಗಿರುತ್ತವೆ. ಮಗಳು ಒಂದು ದಿನ ಬೈಂಡ್ ಹಾಕದ ಪುಸ್ತಕ ಹಿಡಿದು ಹೋದಾಳು, ಸಭೆಗೆ ಅವರು ತೋಟದ ಅಂಗಿಯಲ್ಲಿಯೇ ಹೋಗಿಬಂದಾರು. ಆಗ ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಳ್ಳುವುದು ಈ ಚಿಕಿತ್ಸೆಯ ಅತ್ಯಂತ ಕಹಿಯಾದ ಭಾಗ, ಆಟಿ ಅಮಾವಾಸ್ಯೆಯ ಹಾಲೆ ಕಷಾಯದಷ್ಟೇ ಕಹಿ. ಒಮ್ಮೆ ನೆನಪಿಸಿದಿರೋ, ಆ ಕೆಲಸ ಸದ್ದಿಲ್ಲದೆ ನಿಮ್ಮ ಅಂಗಳಕ್ಕೆ ಮರಳಿತೆಂದೇ ತಿಳಿಯಿರಿ. ಮಗುವಿನ ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯವಾಗುವ ಸಂಗತಿಯಾದರೆ ಖಂಡಿತ ಮಾತಾಡಿ; ಉಳಿದದ್ದಕ್ಕೆ ಬೇಡ.

ಇನ್ನು ಅವರೊಡನೆ ಮಾತಾಡುವ ಬಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕ್ಯಾರೇರ್ ಅವರು ಹೊಸದಾಗಿ ಮದುವೆಯಾದ 124 ದಂಪತಿಗಳ ವಾಗ್ವಾದಗಳನ್ನು ಚಿತ್ರೀಕರಿಸಿ, 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಾತಿನ ಮೊದಲ ಮೂರು ನಿಮಿಷಗಳು ಹೇಗೆ ಸಾಗಿದವು ಎಂಬುದರಿಂದಲೇ, ಮುಂದೆ ಯಾವ ದಾಂಪತ್ಯಗಳು ಮುರಿಯಬಹುದು ಎಂಬುದರ ಸುಳಿವು ಸಿಗುತ್ತಿತ್ತು ಎಂದು ಅವರು ಕಂಡುಕೊಂಡರು. ಅಷ್ಟು ದೂರ ಹೋಗುವುದು ಬೇಡ, ನಮಗೆ ಬೇಕಾದದ್ದು ಇಷ್ಟೇ: ದೂರಿನಿಂದ ತೊಡಗಿದ ಮಾತು ಬಹುಮಟ್ಟಿಗೆ ಜಗಳದಲ್ಲಿಯೇ ಮುಗಿಯುತ್ತದೆ. ರಾತ್ರಿ ಒಂಬತ್ತಕ್ಕೆ, ಪಾತ್ರೆ ತಿಕ್ಕುತ್ತ, ಬೆನ್ನು ತಿರುಗಿಸಿಕೊಂಡು "ನಿಮಗೆ ಯಾವುದೂ ನೆನಪಿರುವುದಿಲ್ಲ" ಎಂದು ಹೇಳುವುದು ಈ ವಿಷಯವನ್ನು ಎತ್ತಲು ಇರುವ ಅತಿ ಕೆಟ್ಟ ಗಳಿಗೆ, ಅತಿ ಕೆಟ್ಟ ವಾಕ್ಯ. ಆದಿತ್ಯವಾರ ಬೆಳಗ್ಗೆ ಅವರು ತೋಟಕ್ಕೆ ಹೊರಟಾಗ ನೀವೂ ಜತೆಗೆ ಹೋಗಿ. ಎದುರುಬದುರು ಕುಳಿತು ಆಡಿದರೆ ವಿಚಾರಣೆಯಂತೆ ಕೇಳಿಸುವ ಮಾತು, ಪಕ್ಕಪಕ್ಕದಲ್ಲಿ ನಡೆಯುತ್ತ ಆಡಿದರೆ ಸಮಾಲೋಚನೆಯಂತೆ ಕೇಳಿಸುತ್ತದೆ. ಹೀಗೆ ಹೇಳಬಹುದು: "ರೈಲಿನಲ್ಲಿ ಕೂತರೂ ನನಗೆ ಮನೆಯ ಪಟ್ಟಿ ತಲೆಯಿಂದ ಇಳಿಯುವುದಿಲ್ಲ, ಬಳಲಿಕೆಯಾಗಿದೆ. ತೋಟದ ವಿಷಯ ನಾನು ಒಂದು ದಿನವೂ ಯೋಚಿಸಬೇಕಾಗಿ ಬಂದಿಲ್ಲ, ನೀವಿದ್ದೀರಿ ಎಂಬ ಧೈರ್ಯ. ಶಾಲೆಯ ವಿಷಯದಲ್ಲೂ ನನಗೆ ಆ ಧೈರ್ಯ ಬೇಕು. ಜೂನ್‌ನಿಂದ ಅದು ಪೂರ್ತಿ ನಿಮ್ಮದಾಗಲಿ, ನಾನು ಕೇಳುವುದಿಲ್ಲ." ಇಲ್ಲಿ "ಸ್ವಲ್ಪ ಸಹಾಯ ಮಾಡಿ" ಎಂಬ ಮಾತು ಬಂದಿಲ್ಲವೆಂಬುದನ್ನು ಗಮನಿಸಿ. ಸಹಾಯ ಕೇಳುವವರು ಕೆಲಸದ ಒಡೆತನವನ್ನು ತಮ್ಮಲ್ಲಿಯೇ ಇಟ್ಟುಕೊಂಡಿರುತ್ತಾರೆ. ಅವರು ಕೂಡಲೇ ಒಪ್ಪದೆ, "ತೋಟದ ಕೆಲಸದ ನಡುವೆ ಇದೆಲ್ಲ ಹೇಗೆ?" ಎಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಮಳೆಗಾಲದ ತೋಟದ ದುಡಿಮೆ ನಿಮಗೆ ಗೊತ್ತಿಲ್ಲದ್ದಲ್ಲ. ಆಗ ಯಾವುದನ್ನು ಕೊಡಬೇಕು ಎಂಬುದರ ಬಗ್ಗೆ ಚೌಕಾಸಿ ನಡೆಯಲಿ. ಇಡಿಯಾಗಿ ಕೊಡಬೇಕು ಎಂಬುದರಲ್ಲಿ ಮಾತ್ರ ಬಿಗಿಯಾಗಿರಿ.

ಅತ್ತೆಯವರ ಮಾತು ತಮಾಷೆಯೋ ಬೇಸರವೋ ಎಂದು ಕೇಳಿದ್ದೀರಿ. ಎರಡೂ ಇರಬಹುದು, ಜತೆಗೆ ಮೂರನೆಯದೂ ಇರಬಹುದು: ದಣಿವು. ನಾಲ್ಕು ವರ್ಷದ ಹುಡುಗನ ಹಿಂದೆ 68ನೆಯ ವಯಸ್ಸಿನಲ್ಲಿ ಹಗಲಿಡೀ ಓಡುವುದು ಸಣ್ಣ ಮಾತಲ್ಲ, ಅದರಲ್ಲೂ ಈ ಬೇಸಗೆ ರಜೆಯಲ್ಲಿ ಮಗಳೂ ಮನೆಯಲ್ಲಿರುವಾಗ. ದುಡಿಯುವ ತಾಯಿ ನಮ್ಮ ಊರಿಗೆ ಹೊಸಬಳೆಂಬಂತೆ ನಾವು ಮಾತಾಡುತ್ತೇವೆ. ನಿಮ್ಮ ಅತ್ತೆಯ ತಲೆಮಾರಿನ ಎಷ್ಟೋ ಹೆಂಗಸರು ಮಗುವನ್ನು ಪಕ್ಕದಲ್ಲಿ ಮಲಗಿಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವರು, ರಾತ್ರಿ ದೀಪದ ಬೆಳಕಿನಲ್ಲಿ ಅಡಿಕೆ ಸುಲಿದವರು. ಅವರನ್ನು ಯಾರೂ ಉದ್ಯೋಗಸ್ಥೆಯರೆಂದು ಕರೆಯಲಿಲ್ಲ, ಅವರ ಸಮತೋಲನದ ಬಗ್ಗೆ ಯಾರೂ ಅಂಕಣ ಬರೆಯಲಿಲ್ಲ. ಆದ್ದರಿಂದ ಅವರ ಮಾತಿಗೆ ಸಮರ್ಥನೆ ಕೊಡಲು ಹೋಗದೆ, "ಹೌದತ್ತೆ, ನೀವಿಲ್ಲದಿದ್ದರೆ ನನಗೆ ಆ ರೈಲು ಹತ್ತಲು ಆಗುತ್ತಿರಲಿಲ್ಲ" ಎಂದುಬಿಡಿ. ಅದು ಹೊಗಳಿಕೆಯಲ್ಲ, ಬರಿಯ ಸತ್ಯ. ಅಷ್ಟಕ್ಕೇ ನಿಲ್ಲಿಸಬೇಡಿ. ವಾರಕ್ಕೊಂದು ದಿನ ಅವರಿಗೆ ಮಕ್ಕಳ ಜವಾಬ್ದಾರಿಯಿಂದ ಪೂರ್ತಿ ಬಿಡುವು ಸಿಗಲಿ, ತವರಿಗೆ ಹೋಗಲಿ, ಮಧೂರಿಗೆ ಹೋಗಿ ಅಪ್ಪದ ಪ್ರಸಾದ ತರಲಿ, ಏನೂ ಮಾಡದೆ ಮಲಗಲಿ.

ಮಕ್ಕಳು ಅಜ್ಜಿಗೆ ಅಂಟಿಕೊಂಡರೆ ತಾಯಿಯ ಪಾಲು ಕಡಿಮೆಯಾಗುತ್ತದೆ ಎಂಬ ಭಯ ನಿಮ್ಮಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಮಕ್ಕಳ ಮನಸ್ಸಿನ ಸಂಶೋಧಕರಾದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ 1964ರಲ್ಲಿ ಪ್ರಕಟಿಸಿದ, ಗ್ಲಾಸ್ಗೋ ನಗರದ 60 ಶಿಶುಗಳ ಅಧ್ಯಯನದಲ್ಲಿ, ಒಂದೂವರೆ ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದರು. ತಾಯಿ ಉದ್ಯೋಗಕ್ಕೆ ಹೋದ ಮಾತ್ರಕ್ಕೆ ಮಕ್ಕಳ ಕಲಿಕೆಯೋ ನಡತೆಯೋ ಹಾಳಾಗುತ್ತದೆಯೇ ಎಂದು ಕೇಳಿಕೊಂಡ 69 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪರಿಶೀಲಿಸಿದಾಗಲೂ, ಒಟ್ಟಾರೆಯಾಗಿ ಅಂಥ ನಂಟು ಗಟ್ಟಿಯಾಗಿ ಕಾಣಲಿಲ್ಲ. ಅವು ನಮ್ಮ ನಾಡಿನ ಅಧ್ಯಯನಗಳಲ್ಲ, ನಿಜ. ಆದರೆ ಕೂಡುಕುಟುಂಬದ ಆಸರೆ ಹೆಚ್ಚಿರುವ ನಮ್ಮಲ್ಲಿ ಪರಿಸ್ಥಿತಿ ಅದಕ್ಕಿಂತ ಕೆಟ್ಟದಾಗಿರಲು ಕಾರಣ ನನಗೆ ತೋರುವುದಿಲ್ಲ.

ಈಗ ಮಗಳ ವಿಷಯ. ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ, ಮತ್ತು ಆ ಹುಡುಗಿಯ ಮಾತಿನ ಚುರುಕನ್ನು ಮನಸಾರೆ ಮೆಚ್ಚುತ್ತೇನೆ. "ಪೋಲೀಸರ ಹಾಗೆ" ಎಂದದ್ದು ಒರಟುತನವಲ್ಲ, ನಿಖರವಾದ ವರದಿ. ನಿಮ್ಮ ತಲೆಯಲ್ಲಿರುವುದು ಪಟ್ಟಿಯಾದ್ದರಿಂದ ಬಾಯಿಂದ ಬರುವುದೂ ಪಟ್ಟಿಯೇ: ಹೋಂವರ್ಕ್ ಆಯಿತೇ, ಊಟ ಮಾಡಿದೆಯಾ, ತಮ್ಮನಿಗೆ ಹೊಡೆದೆಯಾ, ನಾಳೆ ಏನು ತರಲು ಹೇಳಿದ್ದಾರೆ. ಪ್ರತಿಯೊಂದಕ್ಕೂ ಉತ್ತರ "ಹೂಂ" ಅಥವಾ "ಇಲ್ಲ". ಹನ್ನೆರಡು ಗಂಟೆಗಳ ಬಳಿಕ ಅಮ್ಮನನ್ನು ಕಂಡ ಮಗುವಿಗೆ ಸಿಗುವುದು ಒಂದು ತಪಾಸಣೆ. ಶಾಲೆಯ ಹೊಣೆಯನ್ನು ಆಚೆ ಕೊಡಿ ಎಂದು ಅಷ್ಟು ಒತ್ತಿ ಹೇಳಿದ್ದಕ್ಕೆ ನಿಜವಾದ ಕಾರಣ ಇದೇ. ಹೋಂವರ್ಕ್ ಅಪ್ಪನದ್ದಾದ ದಿನ ನಿಮಗೆ ಮಗಳೊಡನೆ ಬೇರೆ ಮಾತಾಡಲು ಬಾಯಿ ಬಿಡುವಾಗುತ್ತದೆ.

ಬಂದ ಮೇಲಿನ ಮೊದಲ ಕಾಲು ಗಂಟೆ ಏನನ್ನೂ ಕೇಳಬೇಡಿ, ಬದಲಿಗೆ ಹೇಳಿ. ಇವತ್ತು ಉಳ್ಳಾಲದಲ್ಲಿ ರೈಲು ಸುಮ್ಮನೆ ನಿಂತುಬಿಟ್ಟದ್ದು, ಎದುರು ಕೂತ ಅಜ್ಜ ಚೀಲದ ತುಂಬ ಕಾಟುಮಾವು ಒಯ್ಯುತ್ತಿದ್ದದ್ದು, ಲೆಕ್ಕದಲ್ಲಿ ನೀವು ಒಂದು ಸೊನ್ನೆ ಹೆಚ್ಚಿಗೆ ಹಾಕಿ ಇಡೀ ವಿಭಾಗವೇ ತಲೆ ಕೆಡಿಸಿಕೊಂಡದ್ದು. ನಿಮ್ಮ ತಪ್ಪನ್ನು ಹೇಳಿಕೊಂಡರೆ ಅವಳ ತಪ್ಪು ಹೊರಬರಲು ದಾರಿಯಾಗುತ್ತದೆ. ಒಂಬತ್ತು, ಹತ್ತು ವರ್ಷದ ಮಕ್ಕಳು ಎದುರು ಕೂರಿಸಿ "ಏನಾಯಿತು ಹೇಳು" ಎಂದರೆ ಹೇಳುವವರಲ್ಲ. ಕೈಗೆ ಕೆಲಸವಿದ್ದಾಗ, ಕಣ್ಣು ಬೇರೆ ಕಡೆ ಇದ್ದಾಗ ತಾವಾಗಿ ಹೇಳುತ್ತಾರೆ. ನಾಳೆಯ ಪಲ್ಯಕ್ಕೆ ಅಲಸಂಡೆ ಮುರಿಯಲು ಅವಳನ್ನು ಪಕ್ಕಕ್ಕೆ ಕರೆದುಕೊಳ್ಳಿ. ಈ ತಿಂಗಳಲ್ಲಿ ಹೇಗೂ ಹಲಸಿನ ಹಪ್ಪಳದ ಗಡಿಬಿಡಿ ಇರುತ್ತದೆ; ಅಜ್ಜಿ ಹಿಟ್ಟಿನ ಉಂಡೆ ಕಟ್ಟಿ, ನೀವು ಒತ್ತಿ, ಅವಳು ಚಾಪೆಯ ಮೇಲೆ ಹರಡಿದರೆ, ಆ ಒಂದು ಆದಿತ್ಯವಾರದಲ್ಲಿ ಅವಳ ಗೆಳತಿಯರ ಜಗಳಗಳೆಲ್ಲ ನಿಮಗೆ ತಿಳಿದಿರುತ್ತವೆ. ಬುದ್ಧಿ ಹೇಳಬೇಕೆಂಬ ಚಪಲವನ್ನು ಆಗ ತಡೆದುಕೊಳ್ಳಿ.

ಪ್ರತಿದಿನ ಹೀಗೆ ನಡೆಯಲಾರದು. ಕೆಲವು ರಾತ್ರಿ ನೀವು ಸಿಡುಕುತ್ತೀರಿ, ಕೆಲವು ರಾತ್ರಿ ಅವಳು ಮಲಗಿರುತ್ತಾಳೆ. ತಾಯಿ ಮತ್ತು ಶಿಶುವಿನ ಒಡನಾಟವನ್ನು ಕ್ಷಣಕ್ಷಣವಾಗಿ ಅಳೆದು ನೋಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಅವರು, ಚೆನ್ನಾಗಿಯೇ ಹೊಂದಿಕೊಂಡಿರುವ ಜೋಡಿಗಳಲ್ಲಿಯೂ ಇಬ್ಬರ ಭಾವ ತಾಳೆಯಾಗುವುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ ಎಂದು ಕಂಡರು. ಉಳಿದ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಹಿಡಿಯುವುದು. ಮತ್ತೆ ಹಿಡಿಯುವ ಆ ಅಭ್ಯಾಸವೇ ಮಗುವನ್ನು ಬೆಳೆಸುತ್ತದೆ. ಸಿಡುಕಿದ ರಾತ್ರಿಯ ಮರುದಿನ ಬೆಳಗ್ಗೆ, ಜಡೆ ಹಾಕುವಾಗ, "ನಿನ್ನೆ ನನಗೆ ಸಾಕಾಗಿತ್ತು, ನಿನ್ನ ತಪ್ಪಲ್ಲ" ಎಂದರೆ ಸಾಕು. ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಅವರು ಪರಿಪೂರ್ಣ ತಾಯಿಯನ್ನು ಬೇಡಲಿಲ್ಲ, "ಬೇಕಾದಷ್ಟು ಒಳ್ಳೆಯ" ತಾಯಿ ಸಾಕು ಎಂದರು. ಇದು ಸೋತವರನ್ನು ಸಮಾಧಾನಪಡಿಸುವ ಮಾತೆಂದು ಹಲವರು ತಿಳಿದಿದ್ದಾರೆ. ಆದರೆ ಮಗು ಬೆಳೆದಂತೆ ತಾಯಿ ಸ್ವಲ್ಪ ಸ್ವಲ್ಪವಾಗಿ ಕೈಗೆ ಸಿಗದಂತಾಗುವುದು ಮಗುವಿಗೇ ಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ರೈಲಿನ ಬಗ್ಗೆಯೂ ಒಂದೆರಡು ಮಾತು. ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫೀ ಲೆರಾಯ್ ಅವರು 2009ರಲ್ಲಿ ತೋರಿಸಿದರು. ಅರ್ಧಕ್ಕೆ ಬಿಟ್ಟ ಕೆಲಸವನ್ನು ಮತ್ತೆ ಎಲ್ಲಿಂದ ಹಿಡಿಯಬೇಕೆಂದು ನಾಲ್ಕು ಸಾಲು ಬರೆದಿಟ್ಟರೆ ಆ ಉಳಿಕೆ ಕಡಿಮೆಯಾಗುತ್ತದೆ ಎಂಬುದು ಅವರ ಮುಂದಿನ ಸಂಶೋಧನೆ. ನೀವು ಲೆಕ್ಕಪತ್ರದವರು, ದಿನದ ಖಾತೆ ಮುಗಿಸುವ ಪದ್ಧತಿಯನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಮಂಗಳೂರು ಸೆಂಟ್ರಲ್‌ನಲ್ಲಿ ಕೂತ ಕೂಡಲೇ, ರೈಲು ನೇತ್ರಾವತಿ ಸೇತುವೆಗೆ ಬರುವ ಮೊದಲು, ಕಚೇರಿಯಲ್ಲಿ ಉಳಿದದ್ದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದು ಮುಚ್ಚಿಬಿಡಿ. ಅಲ್ಲಿಂದ ಕುಂಬಳೆಯವರೆಗಿನ ಹೊತ್ತು ಯಾರಿಗೂ ಸೇರಿದ್ದಲ್ಲ. ಮೊಬೈಲಿನಲ್ಲಿ ಮನೆಗೆ ಸೂಚನೆ ಕಳುಹಿಸಲು ಅದನ್ನು ಬಳಸುತ್ತಿದ್ದೀರಾದರೆ ನಿಲ್ಲಿಸಿ. ಪಡುವಣದ ಕಿಟಕಿ ಸಿಕ್ಕಿದರೆ ಹೊರಗೆ ನೋಡಿ, ಸಿಗದಿದ್ದರೆ ನಿದ್ರೆ ಮಾಡಿ.

ಜಗಲಿಯ ಚಹಾವನ್ನು ನೀವು ಕೊನೆಗೆ ಬರೆದಿದ್ದೀರಿ, ನಾಚಿಕೊಂಡು ಬರೆದಂತಿದೆ. ಕೂತರೆ ಯಾರೂ ಏನೂ ಅನ್ನುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಎಬ್ಬಿಸುವುದು ತಲೆಯೊಳಗಿನ ಪಟ್ಟಿ. ಎಲ್ಲ ಕೆಲಸ ಮುಗಿದ ಮೇಲೆ ಸಿಗುವ ಬಹುಮಾನವಾಗಿ ಆ ಹತ್ತು ನಿಮಿಷವನ್ನು ಇಟ್ಟುಕೊಂಡರೆ ಅದು ಎಂದಿಗೂ ಬರುವುದಿಲ್ಲ, ಏಕೆಂದರೆ ಎರಡು ಮಕ್ಕಳಿರುವ ಮನೆಯಲ್ಲಿ ಎಲ್ಲ ಕೆಲಸ ಮುಗಿಯುವ ದಿನವೇ ಇಲ್ಲ. ಸಣ್ಣ ಸುಖಗಳನ್ನು ಸವಿಯುವುದರ ಬಗ್ಗೆ ದೀರ್ಘಕಾಲ ಸಂಶೋಧನೆ ಮಾಡಿದ ಫ್ರೆಡ್ ಬ್ರಯಂಟ್ ಅವರ ದೃಷ್ಟಿಯಲ್ಲಿ ಸವಿಯುವುದೂ ರೂಢಿಸಿಕೊಳ್ಳಬೇಕಾದ ಒಂದು ಸಾಮರ್ಥ್ಯ. ಸುಖದ ಸಂಗತಿ ಎದುರಿಗಿದ್ದ ಮಾತ್ರಕ್ಕೆ ಸುಖ ಸಿಗುವುದಿಲ್ಲ, ಅದರ ಮೇಲೆ ಗಮನ ನಿಲ್ಲಬೇಕು. ಆದ್ದರಿಂದ ಬಂದವರೇ ಮೊದಲು ಕೂರಿ, ಬಳಿಕ ಒಳಗೆ ಹೋಗಿ. ಕೆಲವು ದಿನ ಕೂತಲ್ಲಿಯೇ ಚಡಪಡಿಕೆಯಾಗುತ್ತದೆ, ಆದರೂ ಲೋಟ ಖಾಲಿಯಾಗುವ ತನಕ ಏಳಬೇಡಿ. ಮಗ ಬಂದು ತೊಡೆಯೇರಿದರೆ ಏರಲಿ, ಅದರಿಂದ ಚಹಾಕ್ಕೆ ಭಂಗವಿಲ್ಲ. ಮನೆಯವರಿಗೆ ಇದನ್ನು ಗುಟ್ಟಾಗಿಡಬೇಡಿ, ಮೊದಲೇ ಹೇಳಿಬಿಡಿ: "ನಾನು ಬಂದ ಮೇಲೆ ಹತ್ತು ನಿಮಿಷ ಜಗಲಿಯಲ್ಲಿರುತ್ತೇನೆ."

ಒಂದು ಎಚ್ಚರಿಕೆ ಮಾತ್ರ ಬಾಕಿ ಇದೆ. ನಿಮ್ಮ ಪತ್ರದಲ್ಲಿ ಆಸೆ ಇದೆ, ಅದು ಒಳ್ಳೆಯ ಲಕ್ಷಣ. ಆದರೆ ಆ ಚಹಾ ಕುಡಿಯುವ ಆಸೆಯೇ ಹೊರಟುಹೋಗಿ, ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ನಿದ್ರೆ ಕೆಟ್ಟು ಬದುಕೇ ಬೇಡವೆನಿಸಿದರೆ, ಅದು ದಣಿವಿನ ಗಡಿ ದಾಟಿದೆ ಎಂದು ತಿಳಿಯಬೇಕು. ಆಗ ವೈದ್ಯರನ್ನು ಕಾಣಿ; ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳೂ ಹೀಗೆ ಕಾಡುವುದರಿಂದ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕೇರಳದಲ್ಲಿ ದಿಶಾ ಸಹಾಯವಾಣಿ 1056 ಕೂಡ ಇದೆ.

ಶಾಲೆಯ ಗುಂಪಿನ ಸಂಖ್ಯೆ ಬದಲಾಯಿಸುವ ಕೆಲಸವನ್ನು ಮಾತ್ರ ನೀವೇ ಮಾಡಿಬಿಡಿ, ಅದನ್ನೂ ಯಜಮಾನರಿಗೆ ನೆನಪಿಸುತ್ತ ಕೂರಬೇಡಿ.